ಅಗ್ನೆಸಮ್ಮನ ಕಾರಿನ ಕೆಂಪು ವೈರು

ಯಾದವಗಿರಿಯ ಅಗ್ನೆಸಮ್ಮನಿಗೆ ಅರವತ್ತಮೂರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನದ ಪ್ರಯೋಗಾಲಯ ನೋಡಿಕೊಂಡವರು. ಪಾಠ ಮಾಡುತ್ತಿರಲಿಲ್ಲ, ಮಕ್ಕಳು ಸುಟ್ಟುಹಾಕಿದ ಬಲ್ಬು, ತಪ್ಪಾಗಿ ಸಿಕ್ಕಿಸಿದ ತಂತಿ ಸರಿಮಾಡುವುದೇ ಅವರ ಕೆಲಸ. ಆದರೂ ಇಡೀ ಶಾಲೆ ಅವರನ್ನು ‘ಮಿಸ್ಸು’ ಎಂದೇ ಕರೆಯುತ್ತಿತ್ತು. ಅಲ್ಲಿ ಆಯಾ ಆಗಿದ್ದ ಪುಟ್ಟಲಿಂಗಮ್ಮ ಈಗಲೂ ಹಾಗೇ ಕರೆಯುತ್ತಾರೆ. ಇಬ್ಬರೂ ನಿವೃತ್ತರಾಗಿ ವರ್ಷಗಳಾದರೂ ಸ್ನೇಹ ಮಾತ್ರ ಸಡಿಲವಾಗಿಲ್ಲ. ಪುಟ್ಟಲಿಂಗಮ್ಮನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆದಾಗ, ಆಸ್ಪತ್ರೆಗೆ ಓಡಾಡಿಸುವ ಹೊಣೆಯನ್ನು ಅಗ್ನೆಸಮ್ಮ ತಾವೇ ವಹಿಸಿಕೊಂಡರು.

ಕಾರು ಇಪ್ಪತ್ತಾರು ವರ್ಷ ಹಳೆಯದು. ಗಂಡ ಮಾರ್ಟಿನ್ ತೀರಿಕೊಂಡ ಮೇಲೆ, ‘ಮಾರಿಬಿಡಿ’ ಎಂದವರೆಲ್ಲರಿಗೂ ಅವರು ‘ನೋಡೋಣ’ ಎಂದು ಹೇಳುತ್ತಲೇ ನಾಲ್ಕು ವರ್ಷ ಓಡಿಸಿದ್ದರು.

ಆ ಸೋಮವಾರ ಬೆಳಗ್ಗೆ ತಪಾಸಣೆಗೆ ಹೊರಟಿದ್ದರು. ವಿದ್ಯಾರಣ್ಯಪುರಂನ ಮನೆಯಿಂದ ಪುಟ್ಟಲಿಂಗಮ್ಮನನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಎರಡು ರಸ್ತೆ ದಾಟಿರಲಿಲ್ಲ.

“ಮಿಸ್ಸು, ಏನೋ ಸುಟ್ಟ್ ವಾಸ್ನೆ ಬತ್ತಾ ಅದೆ ಕಣಮ್ಮ.”

“ಹೊರಗಡೆ ಯಾರೋ ಕಸ ಸುಡ್ತಿರಬೇಕು ಬಿಡಿ.”

“ಹೊರಗಲ್ಲ, ನನ್ನ ಕಾಲ್ಬುಡದಲ್ಲೇ!”

ಅಗ್ನೆಸಮ್ಮ ಗಾಡಿ ನಿಲ್ಲಿಸಿ ತಿರುಗಿದರೆ, ಕಾರ್ಪೆಟ್ಟಿನ ಅಂಚಿನಿಂದ ಹೊಗೆ ಏಳುತ್ತಿತ್ತು. ಪುಟ್ಟಲಿಂಗಮ್ಮ ಬಾಗಿಲು ತಳ್ಳುತ್ತಿದ್ದರು. ಒಳಗಿನ ಹಿಡಿ ಕೆಟ್ಟು ವರ್ಷವಾಗಿತ್ತು. ಅದು ತೆರೆಯುತ್ತಿದ್ದದ್ದು ಹೊರಗಿನಿಂದ ಮಾತ್ರ. ಅಗ್ನೆಸಮ್ಮ ಕೀ ಕಿತ್ತುಕೊಂಡು ಓಡಿ ಬಂದು, ಬಾಗಿಲು ತೆಗೆದು, ಗೆಳತಿಯ ಕೈ ಹಿಡಿದು ಎಳೆದರು. ಕೀ ತೆಗೆದರೂ ಹೊಗೆ ನಿಲ್ಲಲಿಲ್ಲ. ಕಡೆಗೆ ಆಟೋದವನೊಬ್ಬ ಸ್ಪ್ಯಾನರ್ ತಂದು ಬ್ಯಾಟರಿಯ ತಂತಿ ಕಳಚಿದಾಗ ಅದು ಅಡಗಿತು. ಅದೇ ಆಟೋದಲ್ಲಿ ಪುಟ್ಟಲಿಂಗಮ್ಮ ಮನೆಗೆ ಹೋದರು.

ಮೂರು ದಿನ ಗೆಳತಿಗೆ ಫೋನ್ ಮಾಡಲು ಮನಸ್ಸಾಗಲಿಲ್ಲ. ಏನೆಂದು ಮಾಡುವುದು? ನಾಲ್ಕನೆಯ ದಿನ, ಕಾರನ್ನು ಎಳೆಸಿಟ್ಟಿದ್ದ ಶಿವರಾಮುವಿನ ಅಂಗಡಿಗೆ ಹೋದರು. ಶಿವರಾಮು ಆ ಭಾಗದಲ್ಲಿ ಹೆಸರಿದ್ದ ಎಲೆಕ್ಟ್ರಿಷಿಯನ್. ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿ ತಲೆ ಹೊರಗೆಳೆದುಕೊಂಡ.

“ಅಮ್ಮಾ, ಒಳಗೆ ಯಾರ್ಯಾರೋ ಕೈಯಾಡ್ಸವ್ರೆ. ಯಾವ ವೈರು ಎಲ್ಲಿಗೆ ಹೋಗ್ತದೆ ಅಂತ ದೇವರೇ ಹೇಳ್ಬೇಕು. ಪೂರ್ತಿ ಬದಲಾಯಿಸ್ಬೇಕು, ಇಲ್ಲಾಂದ್ರೆ ಗುಜರಿಗೆ ಕೊಟ್ಬುಡಿ.”

“ಅವಸರ ಬೇಡ ಕಣಪ್ಪ,” ಎಂದರು ಅಗ್ನೆಸಮ್ಮ. “ಕೀ ತೆಗೆದ ಮೇಲೂ ಹೊಗೆ ಬರ್ತಿತ್ತು. ಅಂದ್ರೆ ಬ್ಯಾಟರಿಯಿಂದ ನೇರ ಬರೋ ಲೈನೇ ಇರ್ಬೇಕು. ಅಂಥವು ಈ ಗಾಡೀಲಿ ಎಷ್ಟಿದಾವೆ? ಅವನ್ನಷ್ಟೇ ಮೊದ್ಲು ನೋಡೋಣ.”

ಶಿವರಾಮು ಒಂದು ಕ್ಷಣ ಅವರ ಮುಖ ನೋಡಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಅವರ ಕೈಗಿತ್ತ. ಹಾರ್ನ್ ಮತ್ತು ಬ್ರೇಕ್ ದೀಪದ ಗುರುತಿನ ಮುಂದೆ ಹದಿನೈದು ಆಂಪಿಯರ್ ಎಂದು ಅಚ್ಚಾಗಿತ್ತು. ಅಲ್ಲಿ ಕೂತಿದ್ದದ್ದು ಹಸಿರು ಫ್ಯೂಸು, ಮೂವತ್ತರದ್ದು.

ಅಗ್ನೆಸಮ್ಮನಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಹಾರ್ನ್ ಪದೇಪದೇ ಕೆಡುತ್ತಿತ್ತು. ದಾರಿಬದಿಯ ಯಾವನೋ ಒಬ್ಬ, “ಇನ್ನು ಈ ಫ್ಯೂಸ್ ಹೋಗೋ ಮಾತೇ ಇಲ್ಲ” ಎಂದು ಹೊಸದೊಂದನ್ನು ಹಾಕಿದ್ದ. ಇವರು ಸಂತೋಷದಿಂದ ಮನೆಗೆ ಬಂದಿದ್ದರು. ಫ್ಯೂಸು ಸುಟ್ಟರೆ ವೈರು ಉಳಿಯುತ್ತದೆ ಎಂದು ಎಷ್ಟು ಸಾವಿರ ಮಕ್ಕಳಿಗೆ ತಾವೇ ಹೇಳಿದ್ದರೋ! ಆ ದಿನ ಅದರ ಮೇಲಿನ ಅಂಕಿ ನೋಡಬೇಕೆಂದು ಹೊಳೆದಿರಲಿಲ್ಲ. ಅವರು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಇಲ್ನೋಡಿ ಅಮ್ಮ,” ಎಂದ ಶಿವರಾಮು. ಅದೇ ಲೈನಿಗೆ ಕೆಂಪು ವೈರೊಂದನ್ನು ಯಾರೋ ಕೈಯಲ್ಲಿ ತಿರುಚಿ ಕೂಡಿಸಿದ್ದರು. ಅದು ಕಂಪನಿಯ ವೈರಲ್ಲ. ಕಾರ್ಪೆಟ್ಟಿನ ಕೆಳಗೆ ನುಗ್ಗಿ ಹಿಂದಕ್ಕೆ ಹೋಗಿತ್ತು. ಇಬ್ಬರೂ ಕಾರ್ಪೆಟ್ ಎಬ್ಬಿಸುತ್ತ ಬೆನ್ನಟ್ಟಿದರು. ಹಿಂದಿನ ಸೀಟಿನ ಬಳಿ ಅದರ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಅಲ್ಲಿಂದ ಡಿಕ್ಕಿಗೆ ಹೋಗಿ, ಸ್ಟೆಪ್ನಿ ಟೈರಿನ ಅಡಿಯಲ್ಲಿ ತುದಿ ಸಿಕ್ಕಿತು. ಸುತ್ತಿದ್ದ ಟೇಪು ಬಿಚ್ಚಿಹೋಗಿ, ಬರಿ ತಾಮ್ರ ಬಾಡಿಯ ತಗಡಿಗೆ ತಾಗಿ ಶಾರ್ಟ್ ಆಗಿತ್ತು. ದೊಡ್ಡ ಫ್ಯೂಸು ಹೋಗದೆ ವೈರೇ ಕಾದು ಸುಟ್ಟಿತ್ತು.

“ಯಾವುದಕ್ಕೂ ಹೋಗಿಲ್ವಲ್ಲಮ್ಮ ಇದು! ಇಲ್ಲೇನಿತ್ತು?”

“ಕ್ಯಾರಲ್ಸ್,” ಎಂದರು ಅಗ್ನೆಸಮ್ಮ ಮೆಲ್ಲಗೆ. ಕ್ರಿಸ್‌ಮಸ್ ತಿಂಗಳಲ್ಲಿ ಚರ್ಚಿನವರೆಲ್ಲ ಮನೆಮನೆಗೆ ಹಾಡಿಕೊಂಡು ಹೋಗುವಾಗ ಇರಲಿ ಎಂದು ಮಾರ್ಟಿನ್ ಡಿಕ್ಕಿಯಲ್ಲಿ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆ ಇಟ್ಟಿದ್ದರು. ಅದು ಕೆಟ್ಟಾಗ ಪೆಟ್ಟಿಗೆ ತೆಗೆಸಿದರು, ವೈರು ಉಳಿಯಿತು. ಗಂಡನ ಮೇಲೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ.

ಉಳಿದ ವೈರುಗಳನ್ನು ಶಿವರಾಮು ಒಂದೊಂದಾಗಿ ಮೀಟರ್ ಹಿಡಿದು ನೋಡಿದ. ಒಂದಕ್ಕೂ ಏಟು ಬಿದ್ದಿರಲಿಲ್ಲ. ಕೆಂಪು ವೈರನ್ನು ಬುಡಸಮೇತ ಎಳೆದು ಹಾಕಿ, ಸರಿಯಾದ ನೀಲಿ ಫ್ಯೂಸು ಕೂರಿಸಿ, ಬಾಗಿಲಿನ ಹಿಡಿಯನ್ನೂ ಹೊಸದು ಮಾಡಿದ. ಅಗ್ನೆಸಮ್ಮ ಬ್ರೇಕ್ ಒತ್ತಿದಾಗ ಹಿಂದೆ ನಿಂತು ಕೂಗಿದ: “ಎರಡು ಲೈಟೂ ಉರೀತಾವೆ ಅಮ್ಮಾ! ಗುಜರಿ ಅಂದ್ನಲ್ಲ, ನನ್ನ ಮಾತು ವಾಪಸ್ ತಗೊಂಡೆ.” ನಾಲ್ಕು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಕೆಳಗಿಳಿದಂತಾಗಿ, ಅವರು ಅಲ್ಲೇ ಜೋರಾಗಿ ನಕ್ಕುಬಿಟ್ಟರು.

ಅಲ್ಲಿಂದ ನೇರ ಪುಟ್ಟಲಿಂಗಮ್ಮನ ಮನೆಗೆ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದರು, ಅಂಕಿ ನೋಡದ ತಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ.

“ನನ್ನಿಂದ ನಿಮಗೆ ಏನಾದ್ರೂ ಆಗಿದ್ರೆ...”

“ಆಗ್ಲಿಲ್ವಲ್ಲ, ಬುಡಿ ಮಿಸ್ಸು. ಮೂರ್ ದಿನದಿಂದ ಫೋನ್ ಮಾಡ್ದೆ ಇದ್ದಿರಲ್ಲ, ಅದಕ್ಕೆ ನಂಗೆ ಕ್ವಾಪ. ಇವರಿಗೇನಾಯ್ತೋ ಅಂತ ಊಟನೇ ಸೇರಲಿಲ್ಲ.” ಪುಟ್ಟಲಿಂಗಮ್ಮ ಕಪ್ಪು ಕನ್ನಡಕ ಏರಿಸಿಕೊಂಡು ಚಪ್ಪಲಿ ಮೆಟ್ಟಿದರು. “ಡಾಕ್ಟ್ರು ಎಷ್ಟೊತ್ತಿನವರೆಗೂ ಇರ್ತಾರೆ?”

ಈ ಸಲ ಅವರು ಮುಂದಿನ ಸೀಟಿನಲ್ಲೇ ಕೂತರು. ಆಸ್ಪತ್ರೆ ಬರುವ ಹೊತ್ತಿಗೆ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಅಗ್ನೆಸಮ್ಮ ಎಬ್ಬಿಸದೆ, ನೆರಳು ನೋಡಿ ಕಾರು ನಿಲ್ಲಿಸಿದರು.