ಹರಾಜಿನ ಮನೆಗಳ ನಮ್ಮತ್ತೆ

ನಮ್ಮತ್ತೆಯ ಬಲಗೈ ಬೆರಳಿನ ಗೆಣ್ಣುಗಳು ಯಾವಾಗಲೂ ತರಚಿಕೊಂಡಿರುತ್ತಿದ್ದವು. ಯಾವ ಮನೆಗೆ ಕಾಲಿಟ್ಟರೂ ಗೋಡೆಯನ್ನು ಗೆಣ್ಣಿನಿಂದ ಕುಟ್ಟಿ, ಗಾರೆ ಗಟ್ಟಿಯಿದೆಯೋ ಟೊಳ್ಳಾಗಿದೆಯೋ ಎಂದು ಕಿವಿಗೊಟ್ಟು ಕೇಳುವುದು ಅವರ ಅಭ್ಯಾಸ. ನನ್ನನ್ನು ನೋಡಲು ಬಂದ ದಿನವೂ ಕಾಫಿ ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ನಮ್ಮ ಹಜಾರದ ಗೋಡೆಯನ್ನು ಕುಟ್ಟಿದ್ದರು. ನಮ್ಮಪ್ಪನಿಗೆ ಸಿಟ್ಟು ಬಂತು. ನನಗೆ ನಗು ಬಂತು. ಆ ಮನೆಗೆ ಹೋಗಬಹುದು ಅನ್ನಿಸಿದ್ದು ಆಗಲೇ.

ಸಾಲ ತೀರಿಸದವರ ಮನೆಗಳನ್ನು ಬ್ಯಾಂಕಿನವರು ಹರಾಜು ಹಾಕುತ್ತಾರಲ್ಲ, ಅಂಥವನ್ನು ಕೊಂಡು, ರಿಪೇರಿ ಮಾಡಿಸಿ ಮಾರುವುದು ಅವರ ಕಸುಬು. ದೇವನಹಳ್ಳಿ ಹತ್ತಿರದ ಮನೆತನದ ಹೊಲ ಹೊಸ ರಸ್ತೆಯ ಪಾಲಾಗಿ ಸರ್ಕಾರದ ಪರಿಹಾರ ಬಂದಾಗ ನೆಂಟರೆಲ್ಲ ಕಾರು ಕೊಂಡರು, ಮಕ್ಕಳ ಮದುವೆಯನ್ನು ದೊಡ್ಡ ಛತ್ರಗಳಲ್ಲಿ ಮಾಡಿದರು. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಅತ್ತೆ ತಮ್ಮ ಪಾಲಿನ ದುಡ್ಡಿಗೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್ಡುಗಳ ಹಿಂದೆ ಬಾಗಿಲೂ ಸರಿಯಿಲ್ಲದ ಒಂದು ಹರಾಜಿನ ಮನೆ ಹಿಡಿದರು. ಊರೆಲ್ಲ ಆಡಿಕೊಂಡಿತು. ಯಾರೋ ಅತ್ತು ಬಿಟ್ಟುಹೋದ ಮನೆಯಂತೆ, ಒಳಗೆ ಹೋದವರಿಗೆ ಏಳಿಗೆಯಿಲ್ಲವಂತೆ. ಹೀಗೆ ಆಡಿಕೊಂಡವರಲ್ಲಿ ಇಬ್ಬರು ಮುಂದೆ ಅದೇ ಮನೆಯನ್ನು ಕೊಳ್ಳಲು ಪೈಪೋಟಿ ನಡೆಸಿದರು ಎನ್ನುವುದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ನಾನು ಇಟ್ಟುಕೊಂಡಿದ್ದೇನೆ.

ಯಾವ ಮನೆ ಕೊಂಡರೂ ಅತ್ತೆ ಮೊದಲು ಕೈಹಾಕುತ್ತಿದ್ದುದು ಅಡಿಗೆಮನೆಗೆ. ಕಿಟಕಿ ಇಲ್ಲದಿದ್ದರೆ ಗೋಡೆ ಒಡೆಸಿ ಕಿಟಕಿ ಇಡಿಸುತ್ತಿದ್ದರು. "ಹಾಲ್‌ಗೆ ಬಂದೋರು ಕಾಫಿ ಕುಡ್ದು ಎದ್ದೋಯ್ತಾರೆ. ದಿನಾ ನಿಂತ್ಕೊಳೋಳು ಇಲ್ಲಿ ನಿಂತ್ಕೋತಾಳೆ," ಎಂದು ಮೇಸ್ತ್ರಿಗೆ ಹೇಳುತ್ತಿದ್ದರು. ಹಳೆಯ ಮಾಲೀಕರು ಬಿಟ್ಟುಹೋದ ದೇವರ ಪಟ, ಮದುವೆ ಆಲ್ಬಮ್, ಮಕ್ಕಳ ಅಂಕಪಟ್ಟಿ ಏನಿದ್ದರೂ ಗೋಣಿಚೀಲಕ್ಕೆ ತುಂಬಿ, ವಿಳಾಸ ಹುಡುಕಿ ಮುಟ್ಟಿಸುತ್ತಿದ್ದರು. ಒಮ್ಮೊಮ್ಮೆ ಬೈಗುಳ ತಿಂದು ಬರುತ್ತಿದ್ದರು. "ಬೈಲಿ ಬಿಡು, ಅವರ ಮನೆ ಹೋಗೈತೆ," ಅನ್ನುತ್ತಿದ್ದರು.

ಹರಾಜಿನಲ್ಲಿ ದಲ್ಲಾಳಿಗಳದ್ದೊಂದು ಕೂಟ. ಒಬ್ಬ ಕೂಗಿದರೆ ಮಿಕ್ಕವರು ಸುಮ್ಮನಿರಬೇಕು, ಆಮೇಲೆ ಲಾಭ ಹಂಚಿಕೊಳ್ಳಬೇಕು. ಹರಾಜು ಕಂಪ್ಯೂಟರಿಗೆ ಬಂದ ಮೇಲೂ ಆ ಆಟ ನಿಲ್ಲಲಿಲ್ಲ. ಬಿ.ಕಾಂ ಓದಿದ್ದ ನಾನು ಮನೆಯಲ್ಲಿ ಕೂತು ಅತ್ತೆಯ ಪರವಾಗಿ ಬೆಲೆ ಒತ್ತುತ್ತಿದ್ದೆ. ಹರಾಜಿನ ಹಿಂದಿನ ದಿನವೇ ಆ ಕೂಟದವರು ಯಾರಾದರೂ ಮನೆಗೆ ಬರುತ್ತಿದ್ದರು.

"ಅಮ್ಮಾ, ಹೆಂಗಸ್ರಿಗೆ ಯಾಕೆ ಈ ತಲೆನೋವು. ಈ ಸಲ ಸುಮ್ನಿದ್ಬಿಡಿ, ನಿಮ್ಮನ್ನ ನೋಡ್ಕೊಳ್ತೀವಿ."

"ನನ್ನ ನೋಡ್ಕೊಳೋಕೆ ಸೊಸೆ ಅವಳೆ, ಹೋಗ್ಬಾ," ಎಂದು ಅತ್ತೆ ಗೇಟು ಹಾಕಿಬಿಡುತ್ತಿದ್ದರು.

ಹೊಸಕೋಟೆಯ ಮನೆ ಸಿಕ್ಕಿದ್ದು ಹಾಗೆಯೇ. ಕ್ರಯದ ಕಾಗದವೆಲ್ಲ ಆದ ಮೇಲೆ ಸ್ವಾಧೀನಕ್ಕೆಂದು ಹೋದೆವು. "ಮನೆ ಖಾಲಿ ಇದೆ ಮೇಡಂ," ಎಂದಿದ್ದ ಬ್ಯಾಂಕಿನ ಅಧಿಕಾರಿ, ವಸೂಲಿ ಏಜೆನ್ಸಿಯ ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಬಂದಿದ್ದರು. ನೋಡಿದರೆ ಹೊಸಿಲ ಮುಂದೆ ರಂಗೋಲಿ. ಒಳಗೆ ಕುಕ್ಕರ್ ಕೂಗುತ್ತಿದೆ. ಬಾಗಿಲು ತೆಗೆದ ಹೆಂಗಸಿನ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗಂಡನಿಗೆ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ. ಆ ಮನೆಯನ್ನು ಅವರು ಭೋಗ್ಯಕ್ಕೆ ಹಾಕಿಕೊಂಡಿದ್ದರು. ತಿಂಗಳ ಬಾಡಿಗೆ ಇಲ್ಲ, ದೊಡ್ಡದೊಂದು ಗಂಟನ್ನು ಮಾಲೀಕನ ಕೈಗಿಡಬೇಕು, ಮನೆ ಬಿಡುವಾಗ ಅಷ್ಟೂ ವಾಪಸು. ಆ ಗಂಟಿಗಾಗಿ ಅವಳು ತವರಿನವರು ಹಾಕಿದ್ದ ಸರ, ಬಳೆ ಎಲ್ಲವನ್ನೂ ಮಾರಿದ್ದಳು. ಮಾಲೀಕ ಅದನ್ನು ಜೇಬಿಗಿಳಿಸಿ, ಬ್ಯಾಂಕಿಗೆ ಕಂತು ಕಟ್ಟುವುದನ್ನು ನಿಲ್ಲಿಸಿದ್ದ. ಗೋಡೆಗೆ ಅಂಟಿಸಿದ್ದ ನೋಟೀಸನ್ನು ಅವನೇ ಬಂದು ಕಿತ್ತುಹಾಕಿ, "ಕಂದಾಯದ್ದು ಕಣಮ್ಮಾ, ನಾನು ನೋಡ್ಕೋತೀನಿ," ಎಂದಿದ್ದನಂತೆ.

ಅಧಿಕಾರಿ ಕೈಗಡಿಯಾರ ನೋಡಿಕೊಂಡರು. "ಅದೆಲ್ಲ ನಮಗೆ ಸಂಬಂಧ ಇಲ್ಲ. ಸಾಮಾನು ಈಚೆಗಿಡ್ರಪ್ಪ."

ಆಳುಗಳಲ್ಲೊಬ್ಬ ಹೊಲಿಗೆ ಯಂತ್ರಕ್ಕೆ ಕೈಹಾಕಿದ. ಅರ್ಧ ಹೊಲಿದ ರವಿಕೆ ಸೂಜಿಯ ಕೆಳಗೇ ಇತ್ತು. ಅತ್ತೆ ಹೋಗಿ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಈ ಮನೆ ಯಾರ್ದು ಸಾರ್?"

"ನಿಮ್ದೇ ಮೇಡಂ. ಅದಕ್ಕೇ ಖಾಲಿ ಮಾಡಿಸ್ತಿರೋದು."

"ನಂದೇ ತಾನೆ? ಹಂಗಾದ್ರೆ ಇಲ್ಲಿ ಯಾರಿರ್ಬೇಕು ಅಂತ ನಾನು ಹೇಳ್ತೀನಿ. ಅವನಿಗೆ ಕೈ ತೆಗೆಯಕ್ಕೆ ಹೇಳಿ."

ಅಧಿಕಾರಿ ನನ್ನ ಕಡೆ ತಿರುಗಿ, ನಿಮ್ಮತ್ತೆಗೆ ಸ್ವಲ್ಪ ತಿಳಿಸಿ ಹೇಳಿ ಎಂದರು. ಸ್ವಾಧೀನ ಸಿಕ್ಕಿದೆ ಎಂದು ಸಹಿ ಮಾಡಿಕೊಡುತ್ತೇವೆ, ನೀವು ಹೊರಡಿ ಎಂದು ನಾನಂದೆ. ಅವರಿಗೆ ಬೇಕಾಗಿದ್ದುದೂ ಸಹಿಯೇ. ಹತ್ತಾರು ಸಲ ಆ ಬೀದಿಗೆ ಬಂದು ಮನೆಯ ಫೋಟೋ ತೆಗೆದುಕೊಂಡು ಹೋದ ಬ್ಯಾಂಕಿನವರು ಒಂದೇ ಒಂದು ಸಲ ಬಾಗಿಲು ತಟ್ಟಿ, ಒಳಗೆ ಯಾರಿದ್ದೀರಿ ಎಂದು ಕೇಳಬಹುದಿತ್ತು. ಕೇಳಿರಲಿಲ್ಲ. ಕಾನೂನಿನ ಪ್ರಕಾರ ಅವರು ತಪ್ಪು ಮಾಡಿಲ್ಲವಂತೆ. ಆ ಮಾತನ್ನು ಇವತ್ತಿಗೂ ನನ್ನಿಂದ ನುಂಗಿಕೊಳ್ಳಲಾಗಿಲ್ಲ.

ಭೋಗ್ಯದ ಅವಧಿ ಮುಗಿಯುವವರೆಗೆ ಆ ಸಂಸಾರ ಅಲ್ಲೇ ಇರಲಿ ಎಂದು ಅತ್ತೆ ತೀರ್ಮಾನಿಸಿದರು. ನನ್ನ ಗಂಡ ಕೂಗಾಡಿದರು. "ನಾವೇನು ಧರ್ಮಛತ್ರ ಇಟ್ಕೊಂಡಿದ್ದೀವಾ ಅಮ್ಮ?"

"ಲಾಭಕ್ಕೇ ಮಾಡ್ತಿರೋದು ಕಣಪ್ಪ, ನಾನೇನು ಇಲ್ಲ ಅಂದ್ನಾ? ಯಾರ ಕೈಯಿಂದ ಕಿತ್ಕೊಂಡ್ ಬರ್ತೈತೆ ಅಂತಾನೂ ನೋಡ್ಬೇಕಲ್ವಾ?"

ಆ ಸಂಸಾರ ಅಲ್ಲಿರುವಾಗಲೇ ಅತ್ತೆ ಸೋರುತ್ತಿದ್ದ ತಾರಸಿ ಸರಿಮಾಡಿಸಿದರು. ಅಡಿಗೆಮನೆಗೆ ಕಿಟಕಿಯೂ ಬಂತು.

ಹಳೆಯ ಮಾಲೀಕನ ಮೇಲೆ ದೂರು ಕೊಡಲು ಸ್ಟೇಷನ್ನಿಗೆ ಹೋದರೆ, ಇದು ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗಿ ಎಂದು ಕಳಿಸಿದರು. ಅಷ್ಟರಲ್ಲಿ ಆ ಮಾಲೀಕ ದೇವನಹಳ್ಳಿ ರಸ್ತೆಯ ಬಡಾವಣೆಯೊಂದರಲ್ಲಿ, ಹೆಂಡತಿಯ ಹೆಸರಿನಲ್ಲಿ, ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಾನೆಂದು ಗೊತ್ತಾಯಿತು. ಅತ್ತೆ ಒಳ್ಳೆಯ ಸೀರೆ ಉಟ್ಟು, ತಟ್ಟೆಯಲ್ಲಿ ಹಣ್ಣು ಅರಿಶಿನ ಕುಂಕುಮ ಇಟ್ಟುಕೊಂಡು, ಹೊಲಿಗೆಯವಳನ್ನೂ ಅವಳ ಗಂಡನನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ವಿಧವೆಯರು ಕುಂಕುಮ ಹಿಡಿಯಬಾರದೆನ್ನುವ ಮಾತಿಗೆ ಅವರು ಎಂದೂ ಸೊಪ್ಪು ಹಾಕಿದವರಲ್ಲ.

ಬಾಗಿಲಲ್ಲಿ ರೇಷ್ಮೆ ಶಲ್ಯ ಹೊದ್ದು ನಿಂತಿದ್ದ ಮಾಲೀಕ ಅತ್ತೆಯ ಗುರುತಿಲ್ಲದೆ, ಹಿಂದಿದ್ದವರನ್ನು ಗಮನಿಸದೆ ಕೈಮುಗಿದ. "ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು."

"ಊಟ ಇರ್ಲಿ. ಇವರ ಗುರ್ತು ಸಿಕ್ತಾ?"

ಅವನು ಮುಗಿದ ಕೈ ಕೆಳಗಿಳಿಸಿದ. ಅತ್ತೆ ದನಿ ಏರಿಸಲಿಲ್ಲ. ನೆಂಟರು ಕಿವಿಗೊಡುವಷ್ಟೇ ಗಟ್ಟಿಯಾಗಿ ಹೇಳಿದರು: "ನೀನು ನಿಂತಿರೋ ಈ ಗ್ರಾನೈಟು ಈ ಹೆಣ್ಮಗಳ ಸರ, ಬಳೆ ಕಣಪ್ಪ. ಕೇಳೋಕೆ ಬಂದವಳೆ. ನಿನ್ನ ಮನೆಗೆ ಬಂದಿರೋ ಇಷ್ಟು ಜನದ ಮುಂದೆ ಒಂದ್ ಮಾತು ಹೇಳು, ಕೊಡ್ತೀಯೋ ಇಲ್ವೋ?"

ಅಂಗಳದ ತುಂಬ ಜನ. ನಿವೃತ್ತ ಮೇಷ್ಟ್ರುಗಳಿದ್ದರು, ಪಂಚಾಯಿತಿ ಸದಸ್ಯರಿದ್ದರು, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಿಯರಿದ್ದರು. ಒಬ್ಬರಾದರೂ ಅವನತ್ತ ತಿರುಗಿ, ಏನಪ್ಪಾ ಇದು, ನಿಜವೇ ಎಂದು ಕೇಳಲಿಲ್ಲ. ಎಲ್ಲರೂ ಕೇಳಿದ್ದು ನಮ್ಮನ್ನೇ. "ಶುಭಕಾರ್ಯದ ದಿನಾನೇ ಬರ್ಬೇಕಿತ್ತಾ? ಹೆಂಗಸರಾಗಿ ಹಿಂಗಾ ಮಾಡೋದು?" ಒಬ್ಬ ಹಿರಿಯರಂತೂ ಹೊಲಿಗೆಯವಳಿಗೆ, ಬಡವರು ತಗ್ಗಿಬಗ್ಗಿ ಇಸ್ಕೋಬೇಕಮ್ಮ ಎಂದು ಬುದ್ಧಿ ಹೇಳಿದರು. ಕಿತ್ತುಕೊಂಡವನು ತಲೆಯೆತ್ತಿ ನಿಂತಿದ್ದ, ಕಳೆದುಕೊಂಡವಳು ತಗ್ಗಿಬಗ್ಗಬೇಕಿತ್ತು. ಅತ್ತೆ ಕುಂಕುಮದ ತಟ್ಟೆಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು, "ನಿನ್ ಮೇಲೆ ನಮಗೇನೂ ಕೋಪ ಇಲ್ಲಮ್ಮ," ಎಂದು ಹೇಳಿ ಹೊರಬಂದರು. ನಾವ್ಯಾರೂ ಅಲ್ಲಿ ನೀರು ಕೂಡ ಮುಟ್ಟಲಿಲ್ಲ.

ಆಮೇಲೆ ಯಾರ ಮೂಲಕವೋ ಆ ಗಂಟಿನಲ್ಲಿ ಒಂದು ಪಾಲು ಹೊಲಿಗೆಯವಳಿಗೆ ಬಂತು. ಉಳಿದದ್ದಕ್ಕೆ ದಾವೆ ಹೂಡಬೇಕಾಯಿತು. ಹೊಲಿಗೆಯವಳ ಜೊತೆ ಅತ್ತೆ ಪ್ರತಿ ತಾರೀಖಿಗೂ ಬುತ್ತಿ ಕಟ್ಟಿಕೊಂಡು ಹೋಗಿ ಕೋರ್ಟಿನ ಬೆಂಚಿನ ಮೇಲೆ ಕೂರುತ್ತಿದ್ದರು. ಅವನ ವಕೀಲರು ಬಂದರೆ ಅವನು ಬರುತ್ತಿರಲಿಲ್ಲ, ಅವನು ಬಂದರೆ ವಕೀಲರು ಬರುತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಜ್ವರವೆಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ, ಇನ್ನೂ ಮಾತು ಇದ್ದಾಗ, ಆ ಹುಡುಗಿಯನ್ನು ಕೋರ್ಟಿಗೆ ಒಬ್ಬಳನ್ನೇ ಕಳಿಸಬೇಡ ಎಂದರು. ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ. ಮಣ್ಣಿಗೆ ಬಂದ ನೆಂಟರು ನಮ್ಮ ಜಗಲಿಯಲ್ಲೇ ಕೂತು, ಹರಾಜಿನ ಮನೆಗಳ ಶಾಪ ಕೊನೆಗೂ ತಟ್ಟಿತು ಎಂದು ಮಾತಾಡಿಕೊಂಡರು. ಶಾಪ ತಟ್ಟುವುದೇ ಆಗಿದ್ದರೆ ಅದಕ್ಕೆ ಬೇರೆ ವಿಳಾಸ ನನಗೆ ಗೊತ್ತಿತ್ತು. ಅವರಿಗೆಲ್ಲ ಕಾಫಿ ಕೊಡಬೇಡಿ ಎಂದು ಅಡಿಗೆಮನೆಯಲ್ಲಿದ್ದವರಿಗೆ ಹೇಳಿಬಂದೆ.

ತಿಥಿ ಮುಗಿದ ಮೇಲಿನ ಮೊದಲ ತಾರೀಖಿಗೆ ಹೊಲಿಗೆಯವಳನ್ನು ಕರೆದುಕೊಂಡು ನಾನು ಹೋದೆ. ಅವತ್ತು ಆ ಮಾಲೀಕನೂ ಬಂದಿದ್ದ. ಕೋರ್ಟಿನ ಮೊಗಸಾಲೆಯಲ್ಲಿ ಹತ್ತಿರ ಬಂದು, ಸಂತಾಪದ ಮುಖ ಮಾಡಿಕೊಂಡು ನಿಂತ.

"ಪಾಪ, ಒಳ್ಳೆ ಹೆಂಗಸು. ಆಯಮ್ಮನೇ ಹೋದ್ಮೇಲೆ ಇನ್ಯಾಕಮ್ಮ ಇದೆಲ್ಲ? ಇಲ್ಲಿಗೆ ಬಿಟ್ಬಿಡಿ."

ಅಷ್ಟರಲ್ಲಿ ಒಳಗಿನಿಂದ ನಮ್ಮ ಕೇಸಿನ ಹೆಸರು ಕೂಗಿದರು. ಅವನು ಇನ್ನೂ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದ.

"ಅವರು ಹೋದ್ರು," ಎಂದೆ. "ನನಗಿನ್ನೂ ವಯಸ್ಸೈತೆ. ದಾರಿ ಬಿಡಿ."