ಬಂಡೆಯ ಮೇಲೆ ಕಾಣದ ಅರುಂಧತಿ

ಮದುವೆಯಾದ ಎರಡನೆಯ ತಿಂಗಳಲ್ಲಿ, ಕೊಡಿಗೇಹಳ್ಳಿಯಾಚೆಯ ಎತ್ತರದ ಬಂಡೆಯ ಮೇಲೆ ಕೂತು, ನನಗೆ ದೂರದ್ದು ಕಾಣುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಹೇಳಿದ್ದು ಖಂಡಿತ. ಎಷ್ಟು ಹೊತ್ತು ತಡೆದು ಹೇಳಿದೆ ಎಂಬುದರಲ್ಲಿ ಮಾತ್ರ ನನಗೆ ನಂಬಿಕೆಯಿಲ್ಲ. ಅಂದಿನ ದಿನಚರಿಯಲ್ಲಿರುವುದು ಎರಡು ಸಾಲು. ನೆನಪು ಅದಕ್ಕಿಂತ ಬಹಳ ಉದ್ದವಾಗಿದೆ, ಅದಕ್ಕೇ ಅನುಮಾನ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತುಮಕೂರಿನವಳಾದ ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಕರಿಹಲಗೆ ಮಸುಕಾಗುತ್ತಿದ್ದುದರಿಂದ ಕಾಲೇಜಿನಲ್ಲಿ ಕನ್ನಡಕ ಹಾಕುತ್ತಿದ್ದೆ. ವರನ ಕಡೆಯವರು ಬರುವ ದಿನ ಅಮ್ಮ ಅದನ್ನು ಬೀರುವಿನೊಳಗಿಟ್ಟಳು. ಕನ್ನಡಕದ ಹುಡುಗಿಯನ್ನು ಯಾರೂ ಒಪ್ಪುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಚರ್ಚೆಯೇ ಇರಲಿಲ್ಲ. ವರ ಕನ್ನಡಕ ಹಾಕಿಕೊಂಡೇ ಬಂದಿದ್ದರು. ಅದು ಯಾರಿಗೂ, ನನಗೂ, ವಿಚಿತ್ರವೆನಿಸಲಿಲ್ಲ. ಮದುವೆಯ ದಿನ ಪುರೋಹಿತರು ನಡುಮಧ್ಯಾಹ್ನದ ಬಿಸಿಲಿಗೆ ನಮ್ಮನ್ನು ಕರೆತಂದು, ಆಕಾಶದತ್ತ ಕೈಮಾಡಿ, "ಅರುಂಧತಿ ಕಾಣ್ತೇನಮ್ಮಾ?" ಎಂದರು. ಹಗಲಿನಲ್ಲಿ ನಕ್ಷತ್ರ ಯಾರಿಗೂ ಕಾಣದು. ಎಲ್ಲ ಮದುವಣಗಿತ್ತಿಯರಂತೆ ನಾನೂ "ಕಾಣ್ತು" ಎಂದೆ.

ಗಂಡನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಅಲ್ಲೇ ಕ್ವಾರ್ಟರ್ಸಿನಲ್ಲಿ ಮನೆ. ಅವರಿಗೆ ನಕ್ಷತ್ರಗಳ ಹುಚ್ಚು. ರಜೆಯ ಹಿಂದಿನ ಸಂಜೆ ಸೈಕಲ್ ಹತ್ತಿ ಆ ಬಂಡೆಗೆ ಹೋಗಿಬಿಡುತ್ತಿದ್ದರು. ಚೈತ್ರದಲ್ಲಿ ಒಂದು ದಿನ, "ಅವತ್ತು ಹಗಲಲ್ಲಿ ಕಂಡೆಯಲ್ಲ, ಅದನ್ನ ಕತ್ತಲಲ್ಲಿ ತೋರಿಸ್ತೀನಿ ಬಾ" ಎಂದರು. ಅತ್ತೆ ಅಮಾವಾಸ್ಯೆ ಕಳೆಯಲಿ ಎಂದರು. ಕಳೆದ ಮೇಲೆ, ಹೊರಡುವಾಗ ಬಾಗಿಲಲ್ಲಿ ನಿಂತು, "ಸರಿಯಾಗಿ ನೋಡ್ಕೊಂಡು ಬಾರಮ್ಮ. ಅರುಂಧತಿ ಕಾಣದೋರಿಗೆ ಆರೇ ತಿಂಗಳು ಆಯಸ್ಸು ಅಂತಾರೆ" ಎಂದರು. ತಮಾಷೆಗೆ ಹೇಳಿರಬಹುದು. ಅಂದು ನನಗೆ ಹಾಗೆ ಕೇಳಿಸಲಿಲ್ಲ.

ಬಂಡೆಯ ಬುಡದ ಹೊಲದಲ್ಲಿ ಕುರಿಮಂದೆ ಕಾಯುತ್ತಿದ್ದ ಮುದುಕನೊಬ್ಬ ಬೀಡಿ ಸೇದುತ್ತ ಕೂತಿದ್ದ.

"ಏನ್ ಸಾಮಿ, ಇವತ್ತು ಅಮ್ಮಾವ್ರನ್ನೂ ಕರ್ಕಂಡ್ ಬಂದೀರಾ? ಇಂಗೆ ಆಕಾಸ ನೋಡಿದ್ರೆ ಇಬ್ರಿಗೂ ಕತ್ತು ನೋಯ್ತದೆ."

"ಒಬ್ಬನಿಗೇ ಯಾಕೆ ನೋಯ್ಬೇಕು ಅಂತ ಕರ್ಕೊಂಡು ಬಂದೆ ಕಣಪ್ಪ" ಎಂದರು ನಮ್ಮವರು.

ಮೇಲೆ ಹತ್ತಿದಾಗ ಕಲ್ಲಿನಲ್ಲಿ ಹಗಲಿನ ಬಿಸಿ ಇನ್ನೂ ಉಳಿದಿತ್ತು. ದಕ್ಷಿಣಕ್ಕೆ ಬೆಂಗಳೂರು ಬೂದು ಬೆಳಕಿನ ಒಂದು ಪಟ್ಟಿ ಮಾತ್ರ; ಉತ್ತರಕ್ಕೆ ಯಲಹಂಕದವರೆಗೂ ಕತ್ತಲು. ಅವರು ಸಪ್ತರ್ಷಿಗಳನ್ನು ತೋರಿಸಿದರು. ಬಾಲದಂತಿರುವ ಮೂರರ ನಡುವಿನದು ವಸಿಷ್ಠ, ಅದಕ್ಕೆ ಅಂಟಿಕೊಂಡಂತಿರುವ ಸಣ್ಣ ಚುಕ್ಕೆ ಅರುಂಧತಿ. ನನಗೆ ಆ ಏಳೇ ಹಿಟ್ಟು ಚೆಲ್ಲಿದ ಹಾಗಿದ್ದವು.

"ಕಾಣ್ತಾ?"

ಕಾಣ್ತು ಎಂದರೆ ಮುಗಿಯುತ್ತಿತ್ತು. ಇಲ್ಲ ಎಂದರೆ ಅತ್ತೆಯ ಆರು ತಿಂಗಳಿತ್ತು. ಅದಕ್ಕಿಂತ ಹೆಚ್ಚಾಗಿ, ಮುಚ್ಚಿಟ್ಟು ಮದುವೆ ಮಾಡಿದರು ಎಂದು ನನ್ನ ಅಪ್ಪನನ್ನು ಕರೆಸಿ ಕೇಳಿದರೆ? ನನ್ನನ್ನು ಅವರ ಜೊತೆ ಕಳಿಸಿಬಿಟ್ಟರೆ? ಆದರೂ ಯಾಕೆ ನಿಜ ಹೇಳಿದೆನೋ ತಿಳಿಯದು. ಧೈರ್ಯ ಎನ್ನಲಾರೆ. ಪ್ರತಿ ವಾರ ಬಂದು ಸುಳ್ಳು ಹೇಳಬೇಕಲ್ಲ ಎಂಬ ಬೇಸರವೂ ಇರಬಹುದು.

"ಇಲ್ಲ ರೀ."

"ಮೋಡ ಇಲ್ವಲ್ಲೆ."

"ಮೋಡ ಅಲ್ಲ. ನನಗೆ ಕನ್ನಡಕ ಇದೆ. ತುಮಕೂರಲ್ಲಿದೆ. ನಿಮ್ಮನೆಯವರಿಗೆ ಹೇಳಿಲ್ಲ."

ಅವರು ತುಂಬ ಹೊತ್ತು ಸುಮ್ಮನಿದ್ದರು ಎಂದು ನನ್ನ ನೆನಪು. ತಾನು ತಕ್ಷಣ ಮಾತಾಡಿದೆನೆಂದು ಅವರು ಕೊನೆಯವರೆಗೂ ವಾದಿಸಿದರು.

"ಹಾಗಾದ್ರೆ ಹೆಣ್ಣು ನೋಡೋಕೆ ಬಂದಾಗ ನನ್ನ ಮುಖ ಕಾಣಿಸ್ತಾ?"

"ಇಲ್ಲ. ನೀವು ಯಾರು, ನಿಮ್ಮಣ್ಣ ಯಾರು ಅಂತಾನೇ ಗೊತ್ತಾಗ್ಲಿಲ್ಲ. ಕನ್ನಡಕದವರೇ ಹುಡುಗ ಅಂತ ಅಮ್ಮ ಹೇಳಿದ್ಲು."

"ಅಂದ್ರೆ ನೀನು ಒಪ್ಪಿದ್ದು ಕನ್ನಡಕಾನ."

ಅದನ್ನು ತೆಗೆದು ನನ್ನ ಕೈಗಿಟ್ಟರು. ಹಾಕಿಕೊಂಡೆ. ಹಿಟ್ಟು ಕಾಳಾಯಿತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ನಕ್ಷತ್ರಗಳಿಗೆ ಅಂಚಿತ್ತು. ದಿನಚರಿಯಲ್ಲಿ "ಅರುಂಧತಿ ಕಂಡಳು" ಎಂದು ಬರೆದಿದ್ದೇನೆ. ಅವರ ಗಾಜು ನನ್ನದಕ್ಕಿಂತ ಬೇರೆ. ಅದರಲ್ಲಿ ಅಷ್ಟು ಸಣ್ಣದು ಕಂಡಿತೇ ಎಂದು ಈಗ ಕೇಳಿದರೆ ಆಣೆ ಇಡಲಾರೆ. ಅಂದು ಅವರೂ ಪರೀಕ್ಷಿಸುವಂತಿರಲಿಲ್ಲ. ಕನ್ನಡಕ ನನ್ನ ಮೂಗಿನ ಮೇಲಿತ್ತು.

ಬೆಳಿಗ್ಗೆ ಅವರು ತಾಯಿಗೆ ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಒಳಗೆ ಬಂದರು.

"ದೂರದ್ದು ಕಾಣಲ್ವಂತೆ?"

"ಇಲ್ಲ ಅತ್ತೆ."

"ಎದುರುಮನೆಯವಳು ದಿನಾ ನಕ್ರೂ ನೀನು ಕಂಬ ನೋಡ್ದಂಗೆ ನೋಡ್ಕೊಂಡು ಹೋಗ್ತಿದ್ದೆಯಲ್ಲ, ಅದಕ್ಕೇನಾ? ಬಿ.ಎಸ್ಸಿ. ಜಂಬ ಅಂತ ನಾವಿಬ್ರೂ ಎಷ್ಟು ಆಡ್ಕೊಂಡಿದೀವಿ ಗೊತ್ತಾ?"

ಆರು ತಿಂಗಳ ಮಾತನ್ನು ಅವರು ಎತ್ತಲಿಲ್ಲ. ಮುಚ್ಚಿಟ್ಟದ್ದಕ್ಕೆ ಬೇಸರವಿತ್ತು, ಎರಡು ದಿನ ನನ್ನ ತವರಿನ ಹೆಸರು ಬಂದಾಗಲೆಲ್ಲ ತುಟಿ ಬಿಗಿಯುತ್ತಿದ್ದರು. ಮೂರನೆಯ ದಿನ ಕನ್ನಡಕ ಕಳಿಸುವಂತೆ ಅಪ್ಪನಿಗೆ ಕಾಗದ ಬರೆಯಲು ಹೇಳಿದರು. ಅದು ಅಂಚೆಯಲ್ಲಿ ಬರುವವರೆಗೆ, ಅಂಗಡಿಗೆ ಹೊರಟಾಗಲೆಲ್ಲ ಜೊತೆಗೆ ಬಂದು, ಎದುರಿಗೆ ಯಾರು ಕಂಡರೂ ಮೊಣಕೈಯಿಂದ ನನ್ನನ್ನು ತಿವಿದು ಮೆಲ್ಲಗೆ ಹೇಳುತ್ತಿದ್ದರು: "ಮೇಷ್ಟ್ರ ಹೆಂಡ್ತಿ ಬರ್ತಿದಾಳೆ. ನಗು."