ಗುಬ್ಬಿಯ ಸುಧಾ ಮತ್ತು ಕೆಂಪು ಸ್ವಿಚ್ಚು

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸು ಅಂದರೆ ಸುಧಾ ಒಬ್ಬಳೇ. ಬಿದರೆಹಳ್ಳಿ ಕಾವಲ್ ಕಡೆಯಿಂದಲೂ ಜನ ಕೆಟ್ಟ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿ, ಬೈಕಿನ ಮೇಲೆ ಮಗು ಹಿಡಿದಂತೆ ಹಿಡಿದುಕೊಂಡು ಅವಳ ಹತ್ತಿರ ಬರುತ್ತಾರೆ. ಡಬ್ಬಿ ಬಿಚ್ಚುವ ಮುಂಚೆ ಅವಳು ಕಿವಿ ಕೊಡುತ್ತಾಳೆ. ಫ್ಯಾನಿನ ಸದ್ದಿನಲ್ಲೇ ಅರ್ಧ ರೋಗ ತಿಳಿದುಬಿಡುತ್ತದೆ. ಹದಿನಾರು ವರ್ಷದ ಕಸುಬು. ಸಾಮಾನು ಬೇಕಾದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕು, ಹತ್ತು ಅಂಗಡಿ ತಿರುಗಬೇಕು, ಮಡಿಲಲ್ಲಿಟ್ಟುಕೊಂಡು ತರಬೇಕು. ಅಲ್ಲಿ ಗಾಜಿನ ಬೀರುವಿನೊಳಗೆ ಬಣ್ಣದ ದೀಪದ ಕಂಪ್ಯೂಟರ್ ಡಬ್ಬಿಗಳಿರುತ್ತವೆ. ಅವನ್ನು ನೋಡುತ್ತಾಳೆ, ಬೆಲೆ ಕೇಳುವುದಿಲ್ಲ. ಅವಳ ಸ್ವಂತ ಕಂಪ್ಯೂಟರಿನ ಒಂದು ಮಗ್ಗುಲಿಗೆ ಮುಚ್ಚಳವೇ ಇಲ್ಲ. ಬಿಸ್ಕತ್ತಿನ ರಟ್ಟು ಕಟ್ಟಿದ್ದಾಳೆ.

ನಿಟ್ಟೂರಿನ ಪ್ರೇಮಲತಾ ಅವಳ ಅಂಗಡಿಯಲ್ಲಿ ನಾಲ್ಕು ವರ್ಷ ಇದ್ದಳು. ಮದುವೆ ಪತ್ರಿಕೆ ಡಿಸೈನ್ ಮಾಡುವುದು, ಸುಧಾ ಬಿಚ್ಚುವಾಗ ಟಾರ್ಚ್ ಹಿಡಿಯುವುದು ಅವಳ ಕೆಲಸ. ಹೋದ ವರ್ಷ ಮದುವೆಯಾಗಿ, ವೆಲ್ಡಿಂಗ್ ಕೆಲಸದ ಗಂಡನ ಜೊತೆ ಕೆನಡಾಕ್ಕೆ ಹೋದಳು. ಈಗ ಅಲ್ಲಿಂದ ದಿನಕ್ಕೊಂದು ಫೋಟೋ ಬರುತ್ತಿತ್ತು. ಇವತ್ತು ಮದರ್‌ಬೋರ್ಡ್ ಬಂತು ಅಕ್ಕ, ಇವತ್ತು ಗಾಜಿನ ಡಬ್ಬಿ ಬಂತು ಅಕ್ಕ. ಎಲ್ಲಾ ಆನ್‌ಲೈನು. ಮನೆಯಲ್ಲೇ ಕೂತು ತಾನೇ ಕಂಪ್ಯೂಟರ್ ಜೋಡಿಸುತ್ತಾಳಂತೆ. ಸೋಮವಾರದಿಂದ ಅದರಲ್ಲಿ ಡಿಸೈನ್ ಕೆಲಸವಂತೆ.

ಅಂಗಡಿಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುವ ಅತ್ತೆ ತಿಪ್ಪಮ್ಮ ಕತ್ತು ಚಾಚಿ ಫೋಟೋ ನೋಡಿದಳು.

"ಆಹಾ, ಗಟ್ಟಿಗಿತ್ತಿ ಕಣೇ! ಕುಂತಲ್ಲಿಂದ ಎದ್ದಿಲ್ಲ, ಎಲ್ಲಾ ಬಾಗ್ಲಿಗೇ ತರಿಸ್ಕೊಂಡವ್ಳೆ. ನೀನು ನೋಡಿದ್ರೆ ರೈಲಲ್ಲಿ ಹೊತ್ಕೊಂಡ್ ಸಾಯ್ತೀಯ."

"ಟಾರ್ಚ್ ನೆಟ್ಟಗೆ ಹಿಡಿಯಕ್ಕೆ ಬರ್ತಿರ್ಲಿಲ್ಲ ಅವ್ಳಿಗೆ," ಅಂದಳು ಸುಧಾ. ಒಳಗೆ ಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು.

ಶುಕ್ರವಾರ ಸಂಜೆ ಪ್ರೇಮಲತಾಳ ವಿಡಿಯೋ ಕಾಲ್ ಬಂತು. ಅಲ್ಲಿ ಆಗ ಬೆಳಿಗ್ಗೆ. ಮುಖ ಅತ್ತು ಊದಿತ್ತು.

"ಅಕ್ಕ, ಆನ್ ಆಗ್ತಾನೇ ಇಲ್ಲ ಕಣಕ್ಕ. ಫ್ಯಾನ್ ಒಂಚೂರು ಅಲ್ಲಾಡ್ತದೆ, ನಿಂತೋಗ್ತದೆ. ವಾಪಸ್ ಕಳ್ಸೋದಾದ್ರೆ ನಾಳೆನೇ ಕೊನೆ ದಿನ. ಸೋಮವಾರ ಕೆಲಸ ಬೇರೆ, ನಮ್ಮೆಜಮಾನ್ರು ಮೊದ್ಲೇ ಬೇಡ ಅಂದಿದ್ರು."

"ಸುತ್ತ ತೋರ್ಸು," ಅಂದಳು ಸುಧಾ.

ಪ್ರೇಮಲತಾ ಫೋನನ್ನು ನಿಧಾನವಾಗಿ ಸುತ್ತಿಸಿದಳು. ಡಬ್ಬಿಯ ಹಿಂದೆ, ಕರೆಂಟ್ ವೈರು ಸಿಕ್ಕಿಸುವ ಜಾಗದ ಪಕ್ಕ, ಉಗುರಿನಷ್ಟು ಕೆಂಪು ಸ್ವಿಚ್ಚು. ಅದು ನಮ್ಮೂರಿನ ಕರೆಂಟಿನ ಇನ್ನೂರಮೂವತ್ತು ವೋಲ್ಟಿನ ಕಡೆಗಿತ್ತು. ಸುಧಾಳ ಕಣ್ಣಿಗೆ ಒಂದೇ ನೋಟಕ್ಕೆ ಬಿತ್ತು. ಕೆನಡಾದಲ್ಲಿ ಗೋಡೆಯಿಂದ ಬರುವ ಕರೆಂಟು ನಮ್ಮಲ್ಲಿಯದರ ಅರ್ಧ ಮಾತ್ರ. ಕುಣಿಗಲ್ಲಿನ ಗಿರಾಕಿ ಜಯಪ್ರಕಾಶ್ ಆ ಕಡೆಯಿಂದ ತಂದ ಪ್ರಿಂಟರು ಇಲ್ಲಿಯ ಪ್ಲಗ್ಗಿಗೆ ಹಾಕಿದ ತಕ್ಷಣ ಸುಟ್ಟುಹೋದಾಗ ಅವಳು ಅದನ್ನು ಕಲಿತಿದ್ದಳು. ಸ್ವಿಚ್ಚನ್ನು ನೂರಹದಿನೈದರ ಕಡೆಗೆ ಸರಿಸಿದರೆ ಮುಗೀತು.

ಹೇಳಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಗಾಜಿನ ಮಗ್ಗುಲು ಬೆಳಕಿಗೆ ಮಿರುಗಿತು.

"ಬೋರ್ಡೇ ಹೋಗಿರ್ಬೇಕು," ಅಂದುಬಿಟ್ಟಳು. "ಎಲ್ಲಾ ವಾಪಸ್ ಕಳ್ಸು. ಇದೆಲ್ಲ ಆನ್‌ಲೈನಲ್ಲಿ ಆಗೋ ಕೆಲಸ ಅಲ್ಲ ಕಣಮ್ಮ."

ಫೋನ್ ಇಟ್ಟಮೇಲೆ ತಿಪ್ಪಮ್ಮ ಸೊಸೆಯ ಕಡೆ ನೋಡಲಿಲ್ಲ. ಅವರೆಕಾಳು ಬಟ್ಟಲಿಗೆ ಟಪಟಪ ಬೀಳುತ್ತಿದ್ದವು.

"ಹದಿನಾರು ವರ್ಷದಿಂದ ನಿನ್ನ ದನಿ ಕೇಳ್ತಿದೀನಿ," ಅಂದಳು. "ಗೊತ್ತಾಗ್ದೇ ಇದ್ರೆ ನೀನು 'ಬಿಚ್ಚಿ ನೋಡ್ಬೇಕು' ಅಂತೀಯ. ಇವತ್ತು ಬಿಚ್ಚೋ ಮಾತೇ ಬರ್ಲಿಲ್ಲ."

"ನಿಮ್ಗೇನ್ ಗೊತ್ತಾಗ್ತದೆ ಸುಮ್ನಿರಿ ಅತ್ತೆ."

"ಸುಮ್ನೇ ಅವ್ನಿ ಬುಡು."

ಶನಿವಾರ ಬೆಳಿಗ್ಗೆ ಸುಧಾ ಮೇಜು ಒರೆಸುವಾಗ ಬಟ್ಟೆ ಒಂದು ಹಳೆಯ ಕಪ್ಪು ಕಲೆಯ ಮೇಲೆ ನಿಂತಿತು. ಕೆಲಸಕ್ಕೆ ಸೇರಿದ ವಾರದಲ್ಲೇ ಪ್ರೇಮಲತಾ ನೂರಹದಿನೈದರಲ್ಲಿದ್ದ ಸ್ವಿಚ್ಚು ನೋಡದೆ ಕರೆಂಟು ಕೊಟ್ಟು, ಡಬ್ಬಿ ಢಂ ಅಂದು, ಇಡೀ ಸಾಲಿನ ಫ್ಯೂಸು ಹೋಗಿ ಆದ ಕಲೆ ಅದು. ಆಮೇಲೆ ತಿಂಗಳುಗಟ್ಟಲೆ ಸುಧಾ ಅವಳಿಗೆ ಪಾಠ ಒಪ್ಪಿಸಲು ಹಚ್ಚಿದ್ದಳು. ಕರೆಂಟ್ ಕೊಡೋ ಮುಂಚೆ ಏನೇ ನೋಡ್ಬೇಕು? ಕೆಂಪು ಸ್ವಿಚ್ಚು ಅಕ್ಕ. ಎಲ್ಲಿರ್ಬೇಕು? ಇನ್ನೂರಮೂವತ್ತರಲ್ಲಿ ಅಕ್ಕ.

ಅಲ್ಲಿ ಇನ್ನೂ ಶುಕ್ರವಾರ ರಾತ್ರಿ, ಆದರೂ ಸಂಜೆಯವರೆಗೆ ಕಾಯಲು ಆಗಲಿಲ್ಲ. ಬಟ್ಟೆ ಕೈಯಲ್ಲಿರುವಾಗಲೇ ವಿಡಿಯೋ ಕಾಲ್ ಮಾಡಿದಳು.

"ಪ್ಯಾಕ್ ಮಾಡ್ತಿದೀನಕ್ಕ," ಅಂದಳು ಪ್ರೇಮಲತಾ. ದನಿ ಸೋತಿತ್ತು. "ಆದ್ರೆ ನಾನೇನೂ ತಪ್ಪು ಮಾಡಿಲ್ಲ ಕಣಕ್ಕ. ಸ್ವಿಚ್ಚು ನೂರಹದಿನೈದರಲ್ಲಿ ಬಂದಿತ್ತು. ನೀನು ಬೈತಿದ್ದೆಯಲ್ಲ, ಜ್ಞಾಪಕ ಇಟ್ಕೊಂಡು ಮೊದ್ಲು ಅದನ್ನೇ ಇನ್ನೂರಮೂವತ್ತಕ್ಕೆ ಹಾಕ್ದೆ."

ಸುಧಾ ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಆ ಹುಡುಗಿ ಅಷ್ಟು ದೂರ ಹೋಗಿ ಇವಳ ಮಾತನ್ನೇ ಪಾಲಿಸಿದ್ದಳು.

"ಪ್ಯಾಕ್ ಬಿಚ್ಚು. ಸ್ವಿಚ್ಚು ವಾಪಸ್ ನೂರಹದಿನೈದಕ್ಕೆ ತಳ್ಳು. ಆಮೇಲೆ ವೈರು ಹಾಕು."

ಆ ಕಡೆ ರಟ್ಟು ಹರಿಯುವ ಸದ್ದು. ಪಿನ್ನು ಕೂತ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಫ್ಯಾನು ಸುಯ್ ಅಂದಿತು, ತಡವರಿಸದೆ ಒಂದೇ ಸಮನೆ. ಸುಧಾ ಕಣ್ಣು ಮುಚ್ಚಿ ಕೇಳಿದಳು. ರೋಗವಿಲ್ಲದ ಸದ್ದು.

"ಅಕ್ಕಾ! ಬಂತು ಕಣಕ್ಕ!"

"ನಿನ್ನೆನೇ ಕಂಡಿತ್ತು ನಂಗೆ," ಅಂದಳು ಸುಧಾ. "ಬೇಕಂತಲೇ ಹೇಳ್ಲಿಲ್ಲ."

ಪ್ರೇಮಲತಾ ಫೋನನ್ನು ತನ್ನ ಮುಖದ ಕಡೆ ತಿರುಗಿಸಿದಳು.

"ಯಾಕಕ್ಕ?"

"ಹೊಟ್ಟೆ ಉರೀತು ಕಣೇ."

"ಬೆಳಿಗ್ಗೆಯಿಂದ ಬೈಸ್ಕೊಂಡಿದೀನಿ ನಮ್ಮೆಜಮಾನ್ರ ಹತ್ರ," ಅಂದಳು ಪ್ರೇಮಲತಾ. ಇನ್ನೂ ಸಿಟ್ಟಿತ್ತು. ಸ್ವಲ್ಪ ತಡೆದು, "ಈಗಲೂ ಉರೀತಾ ಐತಾ?" ಅಂದಳು.

"ಹ್ಞೂಂ."

"ಉರೀಲಿ. ಇವತ್ತೊಂದಿನ ಚೆನ್ನಾಗಿ ಉರೀಲಿ."

ತಿಪ್ಪಮ್ಮ ಮೂಲೆಯಲ್ಲಿ ಕಿಸಕ್ಕನೆ ನಕ್ಕಳು. ಸುಧಾ ಅತ್ತೆಯ ಕಡೆ ಕಣ್ಣು ಬಿಟ್ಟು, ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು.

"ಆ ಗಾಜಿನ ಕಡೆ ತಿರುಗ್ಸೇ ಒಂಚೂರು," ಅಂದಳು. "ದೀಪ ಯಾವ ಬಣ್ಣ ಅಂತ ನೋಡ್ತೀನಿ."